ಕಲಬುರಗಿಯ ಡಾಕ್ಟರಮ್ಮ ಮತ್ತು ಕ್ಯಾನ್ಸರ್ ಜಡ್ಡು



ಕ್ಯಾನ್ಸರ್ ಎಂಬ ಹೆಸರನ್ನು ನಮ್ಮ ಎಕಂಬಾ ಕಡೆ ಯಾರೂ ಗಟ್ಟಿಯಾಗಿ ಹೇಳುವುದಿಲ್ಲ. 'ಆ ಜಡ್ಡು' ಅಂತಾರೆ. 'ದೊಡ್ಡ ಬ್ಯಾನಿ' ಅಂತಾರೆ. ಹೆಸರು ಹೇಳಿದರೆ ಅದು ಮನೆಗೇ ಬರುತ್ತದೆ ಅನ್ನುವ ಅಂಜಿಕೆ. ಇವತ್ತು ನಾವು ಆ ಹೆಸರನ್ನು ಓದೋಣ. ಕ್ಯಾ - ನ್ಸ - ರ್. ಕ್ಯಾನ್ಸರ್. ಓದಿದರೆ ಅದು ಬರುವುದಿಲ್ಲ.

ಈ ಜಡ್ಡಿನ ಚಿಕಿತ್ಸೆಗೆ ತಮ್ಮ ಜೀವನ ಕೊಟ್ಟ ಒಬ್ಬ ಡಾಕ್ಟರಮ್ಮ ನಮ್ಮ ಪಕ್ಕದ ಜಿಲ್ಲೆಯವರೇ ಇದ್ದಾರೆ. ಅವರ ಹೆಸರು ಡಾಕ್ಟರ್ ವಿಜಯಲಕ್ಷ್ಮಿ ದೇಶಮಾನೆ. ಊರು ಕಲಬುರಗಿ.

ಅವರದು ಬಡ ದಲಿತ ಕುಟುಂಬ. ಮನೆ ಇದ್ದದ್ದು ಕೊಳೆಗೇರಿಯಲ್ಲಿ. ತಂದೆ ಗಿರಣಿಯಲ್ಲಿ ಕೂಲಿ ಮಾಡುತ್ತಿದ್ದರು. ಓದು ಬರಹವನ್ನು ಅವರು ತಾವೇ ಕಲಿತವರು. ತಾಯಿ ಕಾಯಿಪಲ್ಯ ಮಾರುತ್ತಿದ್ದರು. ಮಕ್ಕಳೂ ಬುಟ್ಟಿ ತಲೆ ಮೇಲೆ ಹೊತ್ತು ತಾಯಿಗೆ ನೆರವಾಗುತ್ತಿದ್ದರು. ಮಗಳು ಡಾಕ್ಟರ್ ಆಗಬೇಕು ಅನ್ನುವುದು ತಂದೆಯ ಆಸೆ. ಆಸೆ ಏನೋ ಇತ್ತು, ರೊಕ್ಕ ಎಲ್ಲಿಂದ ಬರಬೇಕು? ಆಗ ತಾಯಿ ತನ್ನ ಕೊರಳಿನ ತಾಳಿಯನ್ನೇ ಬಿಚ್ಚಿ ಕೊಟ್ಟರು. ಆ ರೊಕ್ಕದಿಂದ ಮಗಳು ಹುಬ್ಬಳ್ಳಿಯ ಕೆಎಂಸಿ ಕಾಲೇಜು ಸೇರಿದಳು.

ತಾಳಿ ಬಿಚ್ಚುವುದು ಎಂಥ ಮಾತು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಓಣಿಯ ಮಂದಿ ಏನೆಂದರೋ ಏನೋ!

ಕಾಲೇಜಿನಲ್ಲಿ ಪಾಠ ಎಲ್ಲ ಇಂಗ್ಲಿಷಿನಲ್ಲಿ. ಹುಡುಗಿ ಕಲಿತದ್ದು ಕನ್ನಡದಲ್ಲಿ. ಮೊದಲ ವರ್ಷ ಫೇಲಾದಳು. ಊರಿಗೆ ತಿರುಗಿ ಬರಲಿಲ್ಲ. ಗುರುಗಳ ಸಹಾಯ ಪಡೆದಳು, ಮತ್ತೆ ಓದಿದಳು, ಪಾಸಾದಳು. ಎಂಬಿಬಿಎಸ್ ಮುಗಿಸಿ, ಆಪರೇಷನ್ ಮಾಡುವ ವಿದ್ಯೆಯನ್ನೂ ಕಲಿತು, ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ಸೇರಿದರು. ಕಿದ್ವಾಯಿ ಅಂದರೆ 1973ರಲ್ಲಿ ಶುರುವಾದ ದೊಡ್ಡ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿ ಅವರು ಮುಖ್ಯವಾಗಿ ಎದೆಯ ಗಂಟಿನ ಕ್ಯಾನ್ಸರ್, ಅಂದರೆ ಸ್ತನ ಕ್ಯಾನ್ಸರ್, ನೋಡಿದರು. ಅದರ ಅಧ್ಯಯನವನ್ನೂ ಮಾಡಿದರು. ನಿವೃತ್ತಿ ಆದ ಮೇಲೂ ಬಡವರ ಸೇವೆ ಬಿಡಲಿಲ್ಲ. 2025ರಲ್ಲಿ ಭಾರತ ಸರ್ಕಾರ ಅವರಿಗೆ ಪದ್ಮಶ್ರೀ ಪ್ರಶಸ್ತಿ ಘೋಷಿಸಿತು. ನಮ್ಮನ್ನು ಕೇಳಿದರೆ, ಮೊದಲ ವರ್ಷ ಫೇಲಾದರೂ ಪುಸ್ತಕ ಮುಚ್ಚಿಡಲಿಲ್ಲವಲ್ಲ, ಅದು ಪ್ರಶಸ್ತಿಗಿಂತ ದೊಡ್ಡದು.

ಈಗ ಜಡ್ಡಿನ ಮಾತಿಗೆ ಬರೋಣ.

ನಮ್ಮ ಮೈಯೆಲ್ಲ ಕಣ್ಣಿಗೆ ಕಾಣದ ಸಣ್ಣ ಸಣ್ಣ ಕಣಗಳಿಂದ ಆಗಿದೆ. ಇವುಗಳಿಗೆ ಜೀವಕೋಶ ಅಂತಾರೆ. ಹಳೆಯ ಕೋಶ ಸಾಯುತ್ತದೆ, ಹೊಸದು ಹುಟ್ಟುತ್ತದೆ. ಎಷ್ಟು ಬೇಕೋ ಅಷ್ಟೇ ಹುಟ್ಟುತ್ತದೆ. ಆದರೆ ಒಮ್ಮೊಮ್ಮೆ ಒಂದು ಕೋಶ ಹದ್ದು ಮೀರುತ್ತದೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ನಿಲ್ಲುವುದೇ ಇಲ್ಲ. ತೊಗರಿ ಹೊಲದಲ್ಲಿ ಕಸ ಬೆಳೆದ ಹಾಗೆ. ಕಸ ಒಂದು ಮೂಲೆಯಲ್ಲಿ ಇರುವಾಗ ಕೀಳುವುದು ಹಗುರ. ಹೊಲವೆಲ್ಲ ಹಬ್ಬಿದ ಮೇಲೆ ಕಷ್ಟ. ಕ್ಯಾನ್ಸರ್ ಕೂಡ ಹಾಗೇ. ಇದು ಅಂಟುಜಡ್ಡು ಅಲ್ಲ. ರೋಗಿಯ ಜೊತೆ ಕೂತು ಉಂಡರೆ ಬರುವುದಿಲ್ಲ. ಯಾರ ಶಾಪವೂ ಅಲ್ಲ.

ಎದೆಯಲ್ಲಿ ಗಂಟು ಬಂದರೆ ಹೆಂಗಸರು ಯಾಕೆ ತೋರಿಸುವುದಿಲ್ಲ? ಒಂದು ನಾಚಿಕೆ. ಇನ್ನೊಂದು, 'ನೋವೇ ಇಲ್ಲ, ಯಾಕ ಹೋಗಬೇಕು' ಅನ್ನುವ ಮಾತು. ಕ್ಯಾನ್ಸರ್ ಗಂಟು ಮೊದಮೊದಲು ಬಹಳ ಸಲ ನೋಯುವುದಿಲ್ಲ. ಎಲ್ಲ ಗಂಟೂ ಕ್ಯಾನ್ಸರ್ ಅಲ್ಲ, ಅದೂ ಖರೆ. ಯಾವುದು ಹೌದು ಯಾವುದು ಅಲ್ಲ ಅಂತ ನಾವು ಮುಟ್ಟಿ ಹೇಳಲಾರೆವು. ತೋರಿಸಬೇಕು.

ಹೊಟ್ಟೆಯ ಕಡೆಯ ಕ್ಯಾನ್ಸರ್ ಇನ್ನೂ ಗುಟ್ಟಿನದು. ಅದು ಕೈಗೂ ಸಿಗುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ. ನಾವು ಉಂಡ ರೊಟ್ಟಿ ಬಾಯಿಂದ ಒಂದು ಕೊಳವೆಯಲ್ಲಿ ಇಳಿದು ಹೊಟ್ಟೆಗೆ ಹೋಗುತ್ತದೆ. ಈ ಕೊಳವೆಯ ಹೆಸರು ಅನ್ನನಾಳ. ಹೊಟ್ಟೆಯಿಂದ ಕರುಳಿಗೆ ಹೋಗುತ್ತದೆ. ಈ ದಾರಿಯಲ್ಲಿ ಎಲ್ಲಿಯಾದರೂ ಗಡ್ಡೆ ಬೆಳೆಯಬಹುದು.

ಅನ್ನನಾಳದಲ್ಲಿ ಬೆಳೆದರೆ ಹೇಗೆ ಗೊತ್ತಾಗುತ್ತದೆ? ಮೊದಲು ಜೋಳದ ರೊಟ್ಟಿ ಎದೆಯಲ್ಲಿ ಸಿಕ್ಕಿದ ಹಾಗೆ ಆಗುತ್ತದೆ. ನೀರು ಕುಡಿದರೆ ಇಳಿಯುತ್ತದೆ. ಕೆಲವು ದಿನಕ್ಕೆ ಅನ್ನವೂ ಸಿಕ್ಕುತ್ತದೆ. ಆಮೇಲೆ ಅಂಬಲಿಯೂ ಇಳಿಯದು. ಮೈ ಒಣಗುತ್ತಾ ಹೋಗುತ್ತದೆ.

ಇಲ್ಲಿ ಒಂದು ಮಾತು. ನಮ್ಮ ಮನೆಗಳಲ್ಲಿ ಹೆಂಗಸರು ಎಲ್ಲರದೂ ಊಟ ಆದ ಮೇಲೆ ಉಣ್ಣುತ್ತಾರೆ. ಅತ್ತೆಗೆ ರೊಟ್ಟಿ ಇಳಿಯುತ್ತಿಲ್ಲ ಅನ್ನುವುದು ಸೊಸೆಗೆ ಗೊತ್ತಾಗುವುದಿಲ್ಲ. ಸೊಸೆ ಅರ್ಧ ರೊಟ್ಟಿ ಬಿಟ್ಟೆದ್ದದ್ದು ಗಂಡನಿಗೆ ಗೊತ್ತಾಗುವುದಿಲ್ಲ. ಅವಳು ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಉಂಡು ಸುಮ್ಮನಿರುತ್ತಾಳೆ. ತಿಂಗಳುಗಳು ಹೀಗೇ ಕಳೆಯುತ್ತವೆ. ಜೊತೆಗೆ ಕೂತು ಉಂಡಿದ್ದರೆ ಮೊದಲ ವಾರದಲ್ಲೇ ತಿಳಿಯುತ್ತಿತ್ತು.

ಹೊಟ್ಟೆ, ಕರುಳಿನ ಕ್ಯಾನ್ಸರಿಗೆ ಬೇರೆ ಗುರುತುಗಳಿವೆ. ವಾರಗಟ್ಟಲೆ ಅಜೀರ್ಣ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದ ಹಾಗೆ, ವಾಂತಿಯಲ್ಲಿ ರಕ್ತ, ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕರಿ ಮಲ, ಕಾರಣವಿಲ್ಲದೆ ತೂಕ ಇಳಿಯುವುದು. ಮಲದಲ್ಲಿ ರಕ್ತ ಕಂಡರೆ 'ಮೂಲವ್ಯಾಧಿ ಇರಬೇಕು' ಅಂತ ನಾವೇ ತೀರ್ಮಾನ ಮಾಡಬಾರದು. ಮೂಲವ್ಯಾಧಿಯೇ ಇರಬಹುದು. ಆದರೆ ಅದನ್ನು ಡಾಕ್ಟರು ಹೇಳಲಿ.

ದವಾಖಾನೆಯಲ್ಲಿ ದುರ್ಬೀನು ಹಾಕಿ ನೋಡುತ್ತಾರೆ. ತುದಿಯಲ್ಲಿ ದೀಪ ಇರುವ, ಬಾಗುವ ಸಣ್ಣ ಕೊಳವೆಯನ್ನು ಬಾಯಿಂದ ಒಳಗೆ ಬಿಡುತ್ತಾರೆ. ಹೊಟ್ಟೆಯ ಒಳಗಿನ ಚಿತ್ರ ಟಿವಿಯಲ್ಲಿ ಕಾಣುತ್ತದೆ. ಓಕರಿಕೆ ಬರುತ್ತದೆ, ಆದರೆ ಕೆಲವೇ ನಿಮಿಷದ ಕೆಲಸ. ಅನುಮಾನ ಬಂದ ಜಾಗದಿಂದ ಅಕ್ಕಿಕಾಳಿಗಿಂತ ಚಿಕ್ಕ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. 'ಚೂರು ತೆಗೆದರೆ ಜಡ್ಡು ಹಬ್ಬುತ್ತದೆ' ಅಂತ ಮಂದಿ ಹೇಳುತ್ತಾರೆ. ಅದು ಸುಳ್ಳು. ಆ ಚೂರು ನೋಡದೆ ಔಷಧ ಶುರು ಮಾಡಲು ಬರುವುದಿಲ್ಲ.

ಚಿಕಿತ್ಸೆ ಮೂರು ಬಗೆ. ಆಪರೇಷನ್, ಔಷಧ, ಮತ್ತು ಮಂದಿ 'ಕರೆಂಟ್ ಕೊಡೋದು' ಅನ್ನುವ ಚಿಕಿತ್ಸೆ. ಅದು ಕರೆಂಟ್ ಅಲ್ಲ, ಶಾಕ್ ಹೊಡೆಯುವುದಿಲ್ಲ. ಎಕ್ಸ್‌ರೇಯಂಥ ಬಲವಾದ ಕಿರಣಗಳು. ಅನ್ನನಾಳದ ಆಪರೇಷನ್ ಕೇಳಿದರೆ ಆಶ್ಚರ್ಯ ಆಗುತ್ತದೆ. ಕೆಟ್ಟ ಭಾಗ ತೆಗೆದುಹಾಕಿ, ಹೊಟ್ಟೆಯ ಚೀಲವನ್ನೇ ಮೇಲಕ್ಕೆ ಎಳೆದು ಹೊಸ ಕೊಳವೆ ಮಾಡುತ್ತಾರೆ! ಆದರೆ ಬೇಗ ಹೋದವರಿಗೇ ಇದು ಸಾಧ್ಯ.

ಡಾಕ್ಟರುಗಳು ಚಿಕಿತ್ಸೆ ಮಾತ್ರ ಮಾಡುವುದಿಲ್ಲ. 'ಇದು ಯಾಕೆ ಬಂತು' ಅಂತ ಹುಡುಕುತ್ತಾರೆ. ಇದಕ್ಕೆ ಸಂಶೋಧನೆ ಎನ್ನುತ್ತಾರೆ. ಸಂಶೋಧನೆ ಶುರುವಾಗುವುದು ಬರೆದಿಡುವುದರಿಂದ. ಯಾವ ಊರು, ಎಷ್ಟು ವಯಸ್ಸು, ಯಾವ ಅಂಗ ಎಂದು ಬೆಂಗಳೂರಿನ ಕ್ಯಾನ್ಸರ್ ರೋಗಿಗಳ ಲೆಕ್ಕವನ್ನು ಕಿದ್ವಾಯಿಯಲ್ಲಿ 1982ರಿಂದ ಬರೆದಿಡುತ್ತಾ ಬಂದಿದ್ದಾರೆ.

ಅದೇ 1982ರಲ್ಲಿ ದೂರದ ಆಸ್ಟ್ರೇಲಿಯಾ ದೇಶದಲ್ಲಿ ಇನ್ನೊಂದು ಹುಡುಕಾಟ ನಡೆದಿತ್ತು. ಬ್ಯಾರಿ ಮಾರ್ಷಲ್, ರಾಬಿನ್ ವಾರೆನ್ ಎಂಬ ಇಬ್ಬರು ಡಾಕ್ಟರು ಹೊಟ್ಟೆಹುಣ್ಣಿನ ರೋಗಿಗಳಲ್ಲಿ ಒಂದು ಸೊಟ್ಟ ಕ್ರಿಮಿ ಕಂಡರು. ಅದನ್ನು ತಟ್ಟೆಯಲ್ಲಿ ಬೆಳೆಸಲು ನೋಡಿದರು. ಎರಡು ದಿನ ಕಾಯುವುದು, ಬೆಳೆಯಲಿಲ್ಲ ಅಂತ ಬಿಸಾಡುವುದು. ಒಂದು ಸಲ ಈಸ್ಟರ್ ಹಬ್ಬದ ರಜೆ ಬಂತು. ತಟ್ಟೆ ಐದು ದಿನ ಹಾಗೇ ಉಳಿಯಿತು. ತಿರುಗಿ ಬಂದು ನೋಡಿದರೆ ಕ್ರಿಮಿ ಬೆಳೆದಿತ್ತು! ಆದರೂ ಜನ ನಂಬಲಿಲ್ಲ. ಹೊಟ್ಟೆಹುಣ್ಣು ಚಿಂತೆಯಿಂದ, ಹುಳಿಯಿಂದ ಬರುತ್ತದೆ ಎಂದೇ ವಾದಿಸಿದರು. 1984ರಲ್ಲಿ ಮಾರ್ಷಲ್ ಆ ಕ್ರಿಮಿಯ ನೀರನ್ನು ತಾವೇ ಕುಡಿದುಬಿಟ್ಟರು. ಕೆಲವು ದಿನಕ್ಕೆ ವಾಂತಿ ಶುರುವಾಯಿತು, ಹೊಟ್ಟೆಯ ಒಳಪದರ ಬಾತುಕೊಂಡಿತು. ಔಷಧ ತಗೊಂಡು ಗುಣವಾದರು. ಈ ಕ್ರಿಮಿ ವರ್ಷಗಟ್ಟಲೆ ಇದ್ದರೆ ಕೆಲವರಿಗೆ ಹೊಟ್ಟೆಯ ಕ್ಯಾನ್ಸರ್ ಬರಬಹುದು ಅಂತ 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಒಪ್ಪಿಕೊಂಡಿತು. 2005ರಲ್ಲಿ ಇಬ್ಬರಿಗೂ ನೊಬೆಲ್ ಪ್ರಶಸ್ತಿ ಸಿಕ್ಕಿತು. ಕ್ರಿಮಿ ಬಹಳ ಜನರ ಹೊಟ್ಟೆಯಲ್ಲಿ ಇರುತ್ತದೆ, ಎಲ್ಲರಿಗೂ ಕ್ಯಾನ್ಸರ್ ಬರುವುದಿಲ್ಲ. ಹುಣ್ಣು ಇದ್ದವರಿಗೆ ಡಾಕ್ಟರು ಪರೀಕ್ಷೆ ಮಾಡಿ ಗುಳಿಗೆ ಕೊಡುತ್ತಾರೆ. ಆ ಗುಳಿಗೆಯನ್ನು ಹೇಳಿದಷ್ಟು ದಿನ ಪೂರ್ತಿ ನುಂಗಬೇಕು.

ಇನ್ನು ತಂಬಾಕು. ಗಂಡಸರು ಬೀಡಿ ಸೇದುತ್ತಾರೆ, ಗುಟ್ಕಾ ತಿನ್ನುತ್ತಾರೆ ಅಂತ ನಾವು ಬೈಯುತ್ತೇವೆ. ನಾವು ಹಲ್ಲಿಗೆ ತಿಕ್ಕುವ ಮಿಶ್ರಿ ಏನು? ಅದೂ ಸುಟ್ಟ ತಂಬಾಕೇ. ಎಲೆ ಅಡಿಕೆ ಜೊತೆ ಹಾಕುವ ಎಸಳು? ಅದೂ ತಂಬಾಕೇ. ಬಾಯಿ, ಅನ್ನನಾಳ ಎರಡಕ್ಕೂ ಕೇಡು. ಸೆರೆ ಸೇರಿದರೆ ಕೇಡು ಇನ್ನೂ ಹೆಚ್ಚು.

ತೋರಿಸಲು ಎಲ್ಲಿಗೆ ಹೋಗಬೇಕು? ಮೊದಲು ಆಶಾ ಅಕ್ಕನಿಗೆ ಹೇಳಿ. ಔರಾದದ ಸರ್ಕಾರಿ ದವಾಖಾನೆಯಲ್ಲಿ ಚೀಟಿ ಬರೆಸಿಕೊಂಡು ಬೀದರದ ಬ್ರಿಮ್ಸ್ ಆಸ್ಪತ್ರೆಗೆ ಹೋಗಬಹುದು. ಕ್ಯಾನ್ಸರಿಗೆಂದೇ ಕಲಬುರಗಿಯಲ್ಲಿ ಕಿದ್ವಾಯಿ ಶಾಖೆ ಇದೆ. 2017ರಿಂದ ಬೀದರ-ಕಲಬುರಗಿ ರೈಲು ದಾರಿಯೂ ಆಗಿದೆ. ಬಿಪಿಎಲ್ ಕಾರ್ಡ್ ಇದ್ದ ಮನೆಗೆ ಆಯುಷ್ಮಾನ್ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆ ನೆರವಿದೆ. ರೇಷನ್ ಕಾರ್ಡು, ಆಧಾರ್ ಕಾರ್ಡು, ಹಳೆಯ ಚೀಟಿಗಳು ಒಂದೇ ಚೀಲದಲ್ಲಿ ಇರಲಿ. ರೊಟ್ಟಿ ಯಾವ ತಿಂಗಳಿಂದ ಸಿಕ್ಕುತ್ತಿದೆ, ಗಂಟು ಯಾವಾಗ ಕಂಡಿತು ಎಂದು ಮನೆಯಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಡಾಕ್ಟರು ಮೊದಲು ಕೇಳುವುದು ಅದನ್ನೇ.