ತನ್ನನ್ನೇ ಅರಗಿಸಿಕೊಳ್ಳುವ ಗ್ರಂಥಿ

ಹದಿನೈದರ ಹುಡುಗ ಹೊಟ್ಟೆ ಹಿಡಿದು ಮುಂದಕ್ಕೆ ಬಾಗಿ ಕೂತರೆ ನಮ್ಮ ಜಯನಗರ, ಬನಶಂಕರಿಯ ಮನೆಗಳಲ್ಲಿ ಮೊದಲು ಜೀರಿಗೆ ಕಷಾಯ, ಆಮೇಲೆ ಗ್ಯಾಸ್ ಮಾತ್ರೆ. ನೋವು ಬೆನ್ನಿಗೂ ಹಬ್ಬಿ ವಾಂತಿ ನಿಲ್ಲದಾದಾಗ ಆಸ್ಪತ್ರೆ. ಅಲ್ಲಿ ರಕ್ತದಲ್ಲಿ ಲೈಪೇಸ್ ಎಂಬ ಎನ್‌ಜೈಮ್ ಇರಬೇಕಾದ ಮಿತಿಯ ಮೂರು ಪಟ್ಟು ದಾಟಿದ್ದರೆ ಪ್ಯಾಂಕ್ರಿಯಾಟೈಟಿಸ್, ಅಂದರೆ ಮೇದೋಜೀರಕ ಗ್ರಂಥಿಯ ಉರಿಯೂತ. ಹೆಸರು ಕೇಳಿದ ನೆಂಟರಲ್ಲಿ ಒಬ್ಬರಾದರೂ ಪಿಸುಗುಟ್ಟುತ್ತಾರೆ: "ಹುಡುಗ ಕುಡೀತಾನಾ?"

ಆ ಮಾತು ಮಗುವಿಗೂ ತಾಯಿಗೂ ಮಾಡುವ ಗಾಯ ಸಣ್ಣದಲ್ಲ. ಅದಕ್ಕೆ ಉತ್ತರ ಸಿಕ್ಕಿದ ಬಗೆಯನ್ನು ಹೇಳಲೇಬೇಕು.

1896ರಲ್ಲಿ ಪ್ರಾಗ್‌ನ ಹಾನ್ಸ್ ಕಿಯಾರಿ, ಈ ಗ್ರಂಥಿ ತನ್ನ ರಸದಿಂದ ತನ್ನನ್ನೇ ಅರಗಿಸಿಕೊಳ್ಳುತ್ತದೆ ಎಂದರು. ಆದರೆ ಆ ರಸದಲ್ಲಿರುವ, ಪ್ರೋಟೀನ್ ಅರಗಿಸುವ ಎನ್‌ಜೈಮ್ ಟ್ರಿಪ್ಸಿನ್ ತಯಾರಾಗುವುದೇ ಬೀಗ ಹಾಕಿಕೊಂಡು. ಬೀಗ ತೆರೆಯಬೇಕಾದದ್ದು ಸಣ್ಣ ಕರುಳಿನಲ್ಲಿ. ಒಳಗೇ ತೆರೆದದ್ದು ಯಾಕೆ? 1952ರಲ್ಲಿ ಮೇಯೊ ಕ್ಲಿನಿಕ್‌ನ ಕಂಫರ್ಟ್ ಮತ್ತು ಸ್ಟೈನ್‌ಬರ್ಗ್ ಒಂದೇ ಮನೆತನದ ಹಲವರಲ್ಲಿ ಈ ಕಾಯಿಲೆ ಕಂಡು, ಇದು ವಂಶದಲ್ಲಿ ಹರಿಯಬಲ್ಲದು ಎಂದು ಬರೆದರು.

ಕಿಯಾರಿಯ ಮಾತಿಗೆ ಸರಿಯಾಗಿ ನೂರು ವರ್ಷ ತುಂಬಿದಾಗ, 1996ರಲ್ಲಿ, ಪಿಟ್ಸ್‌ಬರ್ಗ್‌ನ ಡೇವಿಡ್ ವಿಟ್‌ಕಂಬ್ ತಂಡಕ್ಕೆ ತಪ್ಪಿದ ಜಾಗ ಸಿಕ್ಕಿತು. ಟ್ರಿಪ್ಸಿನ್ ಅಕಸ್ಮಾತ್ ಒಳಗೇ ಎಚ್ಚರಗೊಂಡರೆ ತನ್ನನ್ನು ತಾನೇ ಕತ್ತರಿಸಿಕೊಂಡು ಸುಮ್ಮನಾಗಲು ಅದರಲ್ಲೊಂದು ಗುರುತಿದೆ, 122ನೇ ಸ್ಥಾನದ ಆರ್ಜಿನೈನ್ ಎಂಬ ಅಮೈನೋ ಆಮ್ಲ. ಕಾಯಿಲೆ ವಂಶದಲ್ಲಿ ಹರಿದ ಮನೆತನಗಳಲ್ಲಿ ಆ ಜಾಗದಲ್ಲಿ ಇನ್ನೊಂದು ಅಮೈನೋ ಆಮ್ಲ, ಹಿಸ್ಟಿಡೀನ್, ಕೂತಿತ್ತು. ಕತ್ತರಿ ಎಲ್ಲಿ ಹಾಕಬೇಕೆಂಬುದೇ ಅಳಿಸಿಹೋಗಿತ್ತು. ಇಡೀ ಕತೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಇದೇ: ಒಂದು ಅಕ್ಷರದ ತಪ್ಪು, ತಲೆಮಾರುಗಳ ನೋವು.

2000ದಲ್ಲಿ ಹೈಕೊ ವಿಟ್ ಮತ್ತು ಸಂಗಡಿಗರು ಕಾಯಿಲೆಬಿದ್ದ ಮಕ್ಕಳಲ್ಲಿ ಇನ್ನೊಂದು ಜೀನ್ ಹಿಡಿದರು, ಸ್ಪಿಂಕ್ 1. ಅದು ಟ್ರಿಪ್ಸಿನ್ನಿನ ಕಾವಲುಗಾರ. ಇಲ್ಲಿಂದ ಕತೆ ನಮ್ಮ ಕಡೆಗೆ ಬರುತ್ತದೆ. ಕೇರಳದಲ್ಲಿ ಡಾ. ಗೀವರ್ಗೀಸ್, ಗ್ರಂಥಿಯಲ್ಲಿ ಕಲ್ಲು ಕಟ್ಟಿ ಎಳೆ ವಯಸ್ಸಿಗೇ ಸಕ್ಕರೆ ಕಾಯಿಲೆಗೆ ಬೀಳುತ್ತಿದ್ದವರನ್ನು ದಶಕಗಳ ಹಿಂದೆಯೇ ದಾಖಲಿಸಿದ್ದರು. ಅನುಮಾನ ಮರಗೆಣಸಿನ ಮೇಲಿತ್ತು. 2002ರಲ್ಲಿ ಹೈದರಾಬಾದ್ ಮತ್ತು ಲಕ್ನೋದ ಸಂಶೋಧಕರು ಅಂಥ ರೋಗಿಗಳಲ್ಲಿ ಹತ್ತಕ್ಕೆ ನಾಲ್ವರಷ್ಟು ಜನರಲ್ಲಿ ಸ್ಪಿಂಕ್ 1ರ ದೋಷ ಕಂಡರು. ಆರೋಗ್ಯವಂತರಲ್ಲೂ ನೂರಕ್ಕೆ ಇಬ್ಬರಷ್ಟು ಜನರಲ್ಲಿ ಅದಿದೆ, ಹಾಗಾಗಿ ಜೀನ್ ಒಂದೇ ಕಾರಣವಲ್ಲ. ಪಿತ್ತಕೋಶದ ಕಲ್ಲು, ಪೆಟ್ಟು, ಕೆಲವು ಔಷಧ, ರಕ್ತದ ಕೊಬ್ಬು ಎಲ್ಲವನ್ನೂ ಹುಡುಕಬೇಕು.

ಜೀನ್ ತಿದ್ದುವ ಮದ್ದು ಬಂದಿಲ್ಲ. ಮೊದಲ ಗಂಟೆಗಳಲ್ಲಿ ಡ್ರಿಪ್, ನೋವಿಗೆ ಔಷಧ. ಹಿಂದಿನಂತೆ ದಿನಗಟ್ಟಲೆ ಉಪವಾಸ ಹಾಕದೆ, ವಾಂತಿ ತಗ್ಗುತ್ತಲೇ ಊಟ. ಕಾಯಿಲೆ ಹಳತಾಗಿ ಗ್ರಂಥಿ ಸೋತಿದ್ದರೆ ಊಟದ ಜೊತೆಗೆ ಎನ್‌ಜೈಮ್ ಕ್ಯಾಪ್ಸೂಲ್, ನಾಳದಲ್ಲಿ ಕಲ್ಲಿದ್ದರೆ ಅದನ್ನು ಪುಡಿಮಾಡಿ ತೆಗೆಯುವ ಚಿಕಿತ್ಸೆ. ಮತ್ತೆ ಮತ್ತೆ ನೋವು ಬರುವ ಮಗುವಿನ ತಾಯಿಯನ್ನು ವೈದ್ಯರು ಈಗ ಕೇಳುವುದು ಬೇರೆಯೇ ಪ್ರಶ್ನೆ: "ಅಮ್ಮಾ, ನಿಮ್ಮ ಕಡೆಯಲ್ಲಾಗಲಿ ಯಜಮಾನರ ಕಡೆಯಲ್ಲಾಗಲಿ ಚಿಕ್ಕ ವಯಸ್ಸಿಗೇ ಹೀಗೆ ಹೊಟ್ಟೆನೋವು, ಸಕ್ಕರೆ ಕಾಯಿಲೆ ಯಾರಿಗಾದರೂ ಇತ್ತಾ?"