ಹಳೆಯ ಕೋಡಿಗೆ ಟೆಸ್ಟ್: ನಂಬಿಕೆ ಒಂದು, ನಿಜ ಇನ್ನೊಂದು

ಕಲ್ಯಾಣ, ಡೊಂಬಿವಲಿಗಳಿಂದ ಠಾಣೆಗೆ ಬಂದು, ಅಲ್ಲಿ ಟ್ರಾನ್ಸ್‌ಹಾರ್ಬರ್ ಲೋಕಲ್ ಹತ್ತಿ ನವಿ ಮುಂಬಯಿಯ ಐರೋಲಿ, ಘಣಸೋಲಿ ಕಡೆ ಐಟಿ ಕೆಲಸಕ್ಕೆ ಹೋಗುವ ನಮ್ಮವರ ಪಾಲಿಗೆ ಎಷ್ಟೋ ಸಲ ಬರುವುದು ಯಾರೋ ಬರೆದು ಬಿಟ್ಟುಹೋದ ಕೋಡ್. ಅದಕ್ಕೆ ಆಟೊಮೇಟೆಡ್ ಟೆಸ್ಟ್ ಸೇರಿಸೋಣ ಎಂದರೆ ಮೀಟಿಂಗಿನಲ್ಲಿ ಮೊದಲು ಕೇಳುವ ಮಾತು: ‘ಇಷ್ಟು ವರ್ಷ ಓಡಿದೆಯಲ್ಲ, ಮುಟ್ಟಬೇಡಿ.’

ನಾವು ಮುಟ್ಟದಿದ್ದರೂ ಸರ್ಕಾರ ಮುಟ್ಟಿಸುತ್ತದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತು. 2025ರ ಸೆಪ್ಟೆಂಬರ್ 22ಕ್ಕೆ ಬಹುಪಾಲು ಸರಕುಗಳ ದರಪಟ್ಟಿಯಿಂದ ಶೇ. 12 ಮತ್ತು 28 ಹೋದವು. ಬಿಲ್ಲಿಂಗ್ ಪ್ರೋಗ್ರಾಂ ಇಟ್ಟುಕೊಂಡವರು ಅದನ್ನು ತೆರೆಯದೆ ವಿಧಿಯಿರಲಿಲ್ಲ.

‘ಸರಿ, ಮೊದಲು ಕೋಡ್ ಶುಚಿಮಾಡಿ, ಟೆಸ್ಟ್ ಆಮೇಲೆ’ ಎನ್ನುವವರೂ ಇದ್ದಾರೆ. ಶುಚಿಮಾಡುವಾಗ ಏನು ಮುರಿಯಿತೆಂದು ಹೇಳುವವರು ಯಾರು? ಟೆಸ್ಟ್ ಇಲ್ಲದ ಕೋಡೇ ಲೆಗಸಿ ಕೋಡ್ ಎಂದು ಮೈಕೆಲ್ ಫೆದರ್ಸ್ 2004ರ ತಮ್ಮ ಪುಸ್ತಕದಲ್ಲಿ ವಾದಿಸಿದ್ದು ಇದಕ್ಕೇ. ಟೆಸ್ಟ್ ಬರೆಯಲು ಬೇಕಾದಷ್ಟೇ ಸಡಿಲಿಸಿದರೆ ಸಾಕು. ಪ್ರೋಗ್ರಾಂ ತಾನೇ ಕಂಪ್ಯೂಟರಿನ ಗಡಿಯಾರ ನೋಡಿ ದರ ಆರಿಸುತ್ತಿದ್ದರೆ, ಆ ತಾರೀಖನ್ನು ಹೊರಗಿನಿಂದ ಕೊಡುವಂತೆ ಮಾಡಿ; ಸೆಪ್ಟೆಂಬರ್ 21 ಮತ್ತು 22ರ ಬಿಲ್ಲನ್ನು ಜುಲೈಯಲ್ಲೂ ಪರೀಕ್ಷಿಸಬಹುದು.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿದ ತಪ್ಪು ಎಂದರೆ, ಟೆಸ್ಟಿನಲ್ಲಿ ಸರಿಯುತ್ತರವನ್ನೇ ಬರೆಯಬೇಕೆಂಬುದು. ಹಳೆಯ ಪ್ರೋಗ್ರಾಂ ವಿಷುವಲ್ ಬೇಸಿಕ್ 6ರಲ್ಲಿದೆ ಎನ್ನಿ. ಅದರ ‘ರೌಂಡ್’ 3.5ನ್ನು 4 ಮಾಡುತ್ತದೆ, 2.5ನ್ನು ಮಾತ್ರ 2. ಅರ್ಧ ಬಂದಾಗ ಸಮಸಂಖ್ಯೆಯತ್ತ ವಾಲುವುದು ಅದರ ಪದ್ಧತಿ. ಜಾವಾದ ‘ರೌಂಡ್’ನಲ್ಲಿ 2.5 ಎಂದರೆ 3. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಕೂಡ 50 ಪೈಸೆ ದಾಟಿದ್ದನ್ನಷ್ಟೇ ಅಲ್ಲ, ಸರಿಯಾಗಿ 50 ಪೈಸೆ ಇದ್ದುದನ್ನೂ ಮೇಲಿನ ರೂಪಾಯಿಗೆ ಏರಿಸಲು ಹೇಳುತ್ತದೆ. ಅಂದರೆ ಹಳೆಯದು ತಪ್ಪು. ಆದರೂ ಮೊದಲ ಟೆಸ್ಟಿನಲ್ಲಿ 2 ಎಂದೇ ಬರೆಯಬೇಕು! ಈ ಬಗೆಯ ಟೆಸ್ಟಿನ ಕೆಲಸ ತೀರ್ಪು ಕೊಡುವುದಲ್ಲ, ಇದ್ದದ್ದನ್ನು ದಾಖಲಿಸುವುದು. ಆ ಒಂದು ರೂಪಾಯಿಯನ್ನು ಲೆಕ್ಕಪತ್ರದವರು ತಿಂಗಳ ಕೊನೆಗೆ ಕೈಯಾರೆ ಸರಿದೂಗಿಸುತ್ತಿರಬಹುದು. ಅವರನ್ನು ಕೇಳಿ, ಕೋಡನ್ನೂ ಟೆಸ್ಟನ್ನೂ ಒಟ್ಟಿಗೆ ತಿದ್ದುವುದು ಬೇರೆಯೇ ಕೆಲಸ. ದರ ಬದಲಾವಣೆಯ ಗದ್ದಲದಲ್ಲಿ ಅದನ್ನು ಸದ್ದಿಲ್ಲದೆ ತೂರಿಸಬಾರದು.

ಇನ್ನು ನೂರಕ್ಕೆ ನೂರು ಕವರೇಜ್. ಟೆಸ್ಟ್ ನಡೆಯುವಾಗ ಕೋಡಿನ ಪ್ರತಿ ಸಾಲೂ ಓಡಿತು ಎಂದಷ್ಟೇ ಅದರ ಅರ್ಥ. ಬಂದ ಉತ್ತರವನ್ನು ಯಾರಾದರೂ ನೋಡಿದರು ಎಂದಲ್ಲ. ಪದೇ ಪದೇ ಬದಲಾಗುವ ಫೈಲ್ ಯಾವುದೆಂದು ಗಿಟ್ ಲಾಗ್ ಹೇಳುತ್ತದೆ, ಅಲ್ಲಿಂದ ಶುರುಮಾಡಿ. ಹತ್ತು ವರ್ಷದಿಂದ ಕದಲದ ಕೋಡಿಗೆ ಮೊದಲು ಟೆಸ್ಟ್ ಬರೆದರೆ ಮ್ಯಾನೇಜರರ ಸ್ಲೈಡ್ ಚೆನ್ನಾಗಿ ಕಾಣುತ್ತದೆ, ಅಷ್ಟೇ.