ಕರಿಯ ಕಲ್ಲು, ಹರಳುಗಲ್ಲು

ಇಂಡಿ, ಸಿಂದಗಿಗಳ ಕಡೆಯಿಂದ ಬಸವನ ಬಾಗೇವಾಡಿಯ ಮೇಲೆ ಹಾದು ಮುದ್ದೇಬಿಹಾಳದ ದಕ್ಷಿಣಕ್ಕೆ ಪಯಣಿಸುವವರು ದಾರಿಯ ಬದಿಯ ಕಲ್ಲುಗಳನ್ನು ಗಮನಿಸುತ್ತ ಹೋದರೆ ಒಂದು ವಿಶೇಷವನ್ನು ಕಾಣುವರು. ಉತ್ತರದಲ್ಲಿ ಎಲ್ಲಿ ಅಗೆದರೂ ದೊರೆಯುವುದು ಕರಿಯ ಕಲ್ಲು. ಒಡೆದು ನೋಡಿದರೆ ಕಣವೇ ಕಾಣದಷ್ಟು ನುಣುಪು. ಕೃಷ್ಣೆಯನ್ನು ದಾಟಿ ಇಳಕಲ್ಲಿಗೆ ಬಂದರೆ ನಸುಗೆಂಪು ಕಲ್ಲು. ಅದರ ಹರಳುಗಳನ್ನು ಬರಿಗಣ್ಣಿನಿಂದಲೇ ಎಣಿಸಬಹುದು. ಮೊದಲನೆಯದು ಬಸಾಲ್ಟ್, ಎರಡನೆಯದು ಗ್ರಾನೈಟ್. ಕರಗಿದ ಶಿಲಾರಸವು ಆರಿ ಗಟ್ಟಿಯಾದ ಅಗ್ನಿಶಿಲೆಗಳೇ ಇವೆರಡೂ. ಹಾಗಿದ್ದರೆ ಈ ಭೇದವೇಕೆ?

ಕಲ್ಲುಸಕ್ಕರೆ ಮಾಡುವವರಿಗೆ ಇದರ ಮರ್ಮ ತಿಳಿದಿದೆ. ಪಾಕವನ್ನು ಅಲುಗಿಸದೆ ನಿಧಾನವಾಗಿ ಆರಗೊಟ್ಟರೆ ದೊಡ್ಡ ಹರಳು ಕಟ್ಟುವುದು. ಬೇಗನೆ ಆರಿಸಿದರೆ ಕಟ್ಟದು. ಭೂಮಿಯೊಳಗೆ ಕೆಲವು ಕಿಲೋಮೀಟರುಗಳ ಆಳದಲ್ಲಿ ಸಿಕ್ಕಿಕೊಂಡ ಶಿಲಾರಸಕ್ಕೆ ಸುತ್ತಲಿನ ಬಂಡೆಯೇ ಕಂಬಳಿ. ಅದು ಆರಲು ಲಕ್ಷಾಂತರ ವರ್ಷಗಳು ಬೇಕಾಗುವುವು. ಹರಳುಗಳು ಸಾವಕಾಶವಾಗಿ ಬೆಳೆಯುವುವು. ಇಂಥವನ್ನು ಅಂತಸ್ಸರಣ ಶಿಲೆಗಳೆನ್ನುವರು. ನೆಲವನ್ನು ಸೀಳಿ ಹೊರಬಂದ ರಸವಾದರೋ ಗಾಳಿಗೆ ಬೇಗನೆ ಆರಿ ಬಹಿಸ್ಸರಣ ಶಿಲೆಯಾಗುವುದು. ಆದರೆ ಬಣ್ಣದ ಭೇದಕ್ಕೆ ಆರಿದ ಎಡೆ ಕಾರಣವಲ್ಲ. ಅದು ರಸದ ದ್ರವ್ಯದಿಂದ ಬಂದುದು. ಬಸಾಲ್ಟಿನ ರಸವೇ ಆಳದಲ್ಲಿ ಆರಿದ್ದರೆ ಗ್ಯಾಬ್ರೋ ಎಂಬ ದಪ್ಪಹರಳಿನ ಕರಿಯ ಕಲ್ಲಾಗುತ್ತಿತ್ತು. ಕಪ್ಪಾದುದೆಲ್ಲ ಮೇಲೆ ಹರಿದುದೆಂದು ಹೇಳುವವರುಂಟು, ಅದನ್ನು ನಂಬಬಾರದು.

ನಮ್ಮ ಕರಿಯ ಕಲ್ಲು ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದಿನದು. ಆಗ ಈ ಲಾವಾರಸವು ಬಹುಮಟ್ಟಿಗೆ ನೆಲದ ಉದ್ದುದ್ದ ಬಿರುಕುಗಳಿಂದ ಉಕ್ಕಿ, ಪ್ರವಾಹದ ಮೇಲೆ ಪ್ರವಾಹವಾಗಿ ಹಬ್ಬಿತು. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರು ನೆಲವನ್ನು ಅದು ಮುಚ್ಚಿಕೊಂಡಿದೆ. ಮಹಾಬಳೇಶ್ವರದ ಕಡೆ ಸಾವಿರ ಮೀಟರಿಗೂ ಮಿಕ್ಕ ದಪ್ಪವುಳ್ಳ ಈ ಹೊದಿಕೆ ನಮ್ಮ ಸೀಮೆಗೆ ಬರುವ ಹೊತ್ತಿಗೆ ತೆಳುವಾಗಿ, ಮುದ್ದೇಬಿಹಾಳದ ಸುತ್ತ ಅಂಚು ಕಾಣುವುದು. ಅಂಚಿನಾಚೆ ತಾಳಿಕೋಟೆಯ ಸುಣ್ಣಗಲ್ಲು. ಅದಕ್ಕೂ ಹಿಂದಿನದು ಗ್ರಾನೈಟು, ಸುಮಾರು 250 ಕೋಟಿ ವರ್ಷಗಳದು. ಆಳದಲ್ಲಿ ಹುಟ್ಟಿದ ಅದು ಮೇಲಿನ ಹೊರೆಯೆಲ್ಲ ಸವೆದುಹೋದ ಮೇಲೆ ಬೆಳಕು ಕಂಡಿತು.

ಕರಿಯ ಕಲ್ಲು ಶಿಥಿಲವಾಗಿ ಎರೆಭೂಮಿಯಾಯಿತು. ಡೋಣಿ ಹರಿದರೆ ಓಣಿಗೆಲ್ಲ ಜೋಳವೆಂಬ ಜನರ ಮಾತು ಹುಟ್ಟಿದುದು ಆ ಮಣ್ಣಿನಿಂದ. ಆದರೆ ಮಳೆ ಕೈಕೊಟ್ಟ ವರ್ಷ ಒಕ್ಕಲಿಗನಿಗೆ ಬೇಕಾದುದು ಬಾವಿ. ಇಂಡಿಯ ನಿಂಬೆಯ ತೋಟ ಬೇಸಗೆಯಲ್ಲಿ ಒಣಗುವುದೋ ಉಳಿಯುವುದೋ ಎಂಬುದು ಕೆಳಗಿನ ಕಲ್ಲು ಆರಿದ ಬಗೆಯನ್ನು ಬಹುವಾಗಿ ಅವಲಂಬಿಸಿದೆ. ಒಬ್ಬನ ಬಾವಿಯಲ್ಲಿ ನೀರು, ಪಕ್ಕದ ಹೊಲದವನ ಬಾವಿಯಲ್ಲಿ ಬರಿಯ ಕಲ್ಲುಪುಡಿ: ಇದನ್ನು ಹಣೆಬರಹವೆಂದು ಬಿಡಲಾಗದು.

ಒಂದೊಂದು ಪ್ರವಾಹವೂ ಹರಿಯುವಾಗ ಅದರೊಳಗಿನ ಅನಿಲವು ಮೇಲಕ್ಕೇರಿ, ಮೇಲ್ಭಾಗ ಇಡ್ಲಿಯಂತೆ ರಂಧ್ರಮಯವಾಯಿತು. ನಡುಭಾಗವು ಸಾಂದ್ರವಾಗಿ ಗಟ್ಟಿಯಾಯಿತು. ಅಲ್ಲಿ ಬಿರುಕಿಲ್ಲದಿದ್ದರೆ ನೀರಿಲ್ಲ. ರಂಧ್ರಗಳೆಲ್ಲ ನೀರನ್ನು ಹಿಡಿಯುವುವೆಂದೂ ಇಲ್ಲ. ಎಷ್ಟೋ ಕಡೆ ಬಿಳಿಯ ಹರಳುಗಳು ತುಂಬಿಕೊಂಡು ಅವನ್ನು ಮುಚ್ಚಿಬಿಟ್ಟಿವೆ. ಎರಡು ಪ್ರವಾಹಗಳ ನಡುವೆ ಕೆಲವೆಡೆ ಇಟ್ಟಿಗೆಯ ಬಣ್ಣದ ಮಣ್ಣಿನ ಪದರವಿರುವುದು. ಅಂಟುಮಣ್ಣಾದುದರಿಂದ ಅದು ನೀರನ್ನು ಸುಲಭವಾಗಿ ಕೆಳಕ್ಕೆ ಬಿಡದು. ಗ್ರಾನೈಟಿನಲ್ಲಿ ಇಂಥ ಮಹಡಿಗಳ ಏರ್ಪಾಡಿಲ್ಲ. ಮೇಲಿನ ಶಿಥಿಲವಾದ ಗರಸು, ಕೆಳಗಿನ ಬಿರುಕು, ಇವೆರಡೇ ಅಲ್ಲಿ ನೀರಿನ ಮನೆಗಳು.

ಆದುದರಿಂದ ಕೊಳವೆಬಾವಿ ಕೊರೆಸುವವರು ಹೊರಬರುವ ಪುಡಿಯನ್ನು ಚೆಲ್ಲದೆ, ಹತ್ತು ಹತ್ತು ಅಡಿಗೊಂದು ಹಿಡಿಯಂತೆ ಸಾಲಾಗಿ ಇಡಿಸಲಿ ಎಂದು ನಾವು ಹೇಳುವೆವು. ಕರಿಯ ಚೂರುಗಳ ನಡುವೆ ರಂಧ್ರವುಳ್ಳ ಚೂರುಗಳು ಎಷ್ಟನೆಯ ಅಡಿಯಲ್ಲಿ ಬಂದವು, ಕೆಂಪುಮಣ್ಣು ಎಲ್ಲಿ ಸಿಕ್ಕಿತು, ನೀರಿನ ಪಸೆ ಯಾವಾಗ ತೋರಿತು ಎಂಬುದನ್ನು ಬರೆದಿಡಲಿ. ಮುಂದೆ ನೆರೆಯ ಹೊಲದವನು ಕೊರೆಸುವಾಗ ಆ ಚೀಟಿಯನ್ನು ಕೇಳಿ ನೋಡಬಹುದು.